ಕಂಪ್ಯೂಟರ್ ಕ್ಲಬ್ಬಿನೊಳಗಿನ ಆಸಕ್ತಿ ಬಳಗ: ಅದೇನು, ಏಕೆ ಬೇಕು, ಹೇಗೆ ನಡೆಯುತ್ತದೆ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ಹತ್ತು ವರ್ಷ ಜನರ ಕೈಯಲ್ಲಿ ಪಳಗಿದ ವ್ಯವಸ್ಥೆ ಅದು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಪ್ರೊಸೆಸರ್ ಕೂಡ ಈಚಿನದಾಗಿರಬೇಕು. ಚೆನ್ನಾಗಿಯೇ ಕೆಲಸ ಮಾಡುತ್ತಿರುವ ಎಷ್ಟೋ ಕಂಪ್ಯೂಟರ್‌ಗಳು ಈ ಹೊಸ್ತಿಲು ದಾಟಲಾರವು. ಹೊಸದನ್ನು ಕೊಳ್ಳಬೇಕೆ? ಹಳೆಯದರಲ್ಲೇ ವಿಂಡೋಸ್ ಬದಲು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಬಹುದೆ? ಇನ್ನೊಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ನೋಂದಾಯಿಸಿದರೆ ಸಾಕೆ?

ಇಂತಹ ಪ್ರಶ್ನೆ ಹೊತ್ತು ಸಮುದಾಯದ ಕಂಪ್ಯೂಟರ್ ಕ್ಲಬ್ಬಿನ ಬಾಗಿಲು ತಟ್ಟಿದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ನೀವು ಲಿನಕ್ಸ್ ಸಿಗ್‌ಗೆ ಬನ್ನಿ.’ ಮೊದಲ ಸಲ ಹೋದವರು ಇಲ್ಲೇ ತಡವರಿಸುತ್ತಾರೆ. ಸಿಗ್ ಎಂದರೇನು? ಅದು ತರಗತಿಯೇ? ಪರಿಣತರ ಕೂಟವೇ? ಏನೂ ತಿಳಿಯದವರು ಅಲ್ಲಿಗೆ ಹೋಗಬಹುದೇ? ಬುಡದಿಂದಲೇ ನೋಡೋಣ.

## ಕ್ಲಬ್ ಎಂದರೆ ಏನು, ಸಿಗ್ ಎಂದರೆ ಏನು

ಸಮುದಾಯದ ಕಂಪ್ಯೂಟರ್ ಕ್ಲಬ್ ಎಂದರೆ ಕಂಪ್ಯೂಟರ್ ಬಳಸುವವರು ತಮಗಾಗಿ ತಾವೇ ಕಟ್ಟಿಕೊಂಡ ಸಂಘ. ಅದು ಲಾಭಕ್ಕಾಗಿ ನಡೆಯುವುದಿಲ್ಲ. ಸದಸ್ಯರು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಸಣ್ಣ ಶುಲ್ಕ ಕೊಡುತ್ತಾರೆ. ಸಭೆ ಸೇರುವ ಜಾಗ, ಪ್ರೊಜೆಕ್ಟರ್, ಇಂಟರ್‌ನೆಟ್ ಸಂಪರ್ಕ ಆ ಹಣದಿಂದ ಒದಗುತ್ತವೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಸದಸ್ಯರೊಳಗಿಂದಲೇ ಬಂದವರು. ಕಲಿಸುವವರಿಗೆ ಸಂಬಳವಿಲ್ಲ. ಈ ತಿಂಗಳು ಮುಂದೆ ನಿಂತು ವಿವರಿಸಿದವರು ಮುಂದಿನ ತಿಂಗಳು ಬೇರೊಬ್ಬರ ಎದುರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ.

ಈ ದೊಡ್ಡ ಕ್ಲಬ್ಬಿನೊಳಗೆ ಒಂದೇ ವಿಷಯದಲ್ಲಿ ಮನಸ್ಸಿಟ್ಟ ಕೆಲವರು ಪ್ರತ್ಯೇಕವಾಗಿ, ನಿಯಮಿತವಾಗಿ ಸೇರುವ ಸಣ್ಣ ಕೂಟಕ್ಕೆ ಇಂಗ್ಲಿಷಿನಲ್ಲಿ ಸ್ಪೆಷಲ್ ಇಂಟರೆಸ್ಟ್ ಗ್ರೂಪ್ ಎನ್ನುತ್ತಾರೆ. ಆ ಮೂರು ಪದಗಳ ಮೊದಲಕ್ಷರ ಕೂಡಿಸಿದರೆ ‘ಸಿಗ್’. ವಿಶೇಷ ಆಸಕ್ತಿ ಗುಂಪು ಎಂದು ಅನುವಾದಿಸಬಹುದು, ತಪ್ಪಿಲ್ಲ. ನನಗೆ ಮಾತ್ರ ‘ಆಸಕ್ತಿ ಬಳಗ’ ಎಂಬುದೇ ಹೆಚ್ಚು ಸರಿ ಎನಿಸುತ್ತದೆ. ಗುಂಪು ಎಂದರೆ ಬರಿಯ ಸಂಖ್ಯೆ. ಬಳಗ ಎಂದಾಗ ಒಬ್ಬರನ್ನೊಬ್ಬರು ಬಲ್ಲವರು, ಒಬ್ಬರಿಗೊಬ್ಬರು ಒದಗುವವರು ಎಂಬ ಅರ್ಥ ತಾನಾಗಿ ಸೇರಿಕೊಳ್ಳುತ್ತದೆ. ಈ ಕೂಟಗಳ ಜೀವ ಇರುವುದು ಆ ಒದಗುವಿಕೆಯಲ್ಲೇ. ಹಾಗಾಗಿ ಈ ಲೇಖನದಲ್ಲಿ ಬಳಗ ಎಂದೇ ಕರೆಯುತ್ತೇನೆ.

ಗ್ರಂಥಾಲಯವನ್ನು ನೆನೆಸಿಕೊಂಡರೆ ಇವೆರಡರ ನಂಟು ತಿಳಿಯುತ್ತದೆ. ಕಟ್ಟಡ ಒಂದು, ಸದಸ್ಯತ್ವದ ಚೀಟಿ ಒಂದು, ಒಳಗೆ ಕಪಾಟುಗಳು ಹಲವು. ಯಾವ ಕಪಾಟಿನ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂಬುದು ಓದುಗರಿಗೆ ಬಿಟ್ಟದ್ದು. ಕ್ಲಬ್ಬಿನ ಸದಸ್ಯರಾದವರು ಸಾಮಾನ್ಯವಾಗಿ ಯಾವ ಬಳಗಕ್ಕೆ ಬೇಕಾದರೂ ಹೋಗಬಹುದು. ಒಂದಕ್ಕಿಂತ ಹೆಚ್ಚಿಗೂ ಹೋಗಬಹುದು, ಒಂದಕ್ಕೂ ಹೋಗದೆ ತಿಂಗಳ ಸಭೆಗಷ್ಟೇ ಬರಬಹುದು.

## ಎಲ್ಲರಿಗೂ ಒಂದೇ ಸಭೆ ಏಕೆ ಸಾಲದು

ಒಂದನೇ ತರಗತಿಯಿಂದ ಹತ್ತನೇ ತರಗತಿಯವರೆಗಿನ ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿದರೆ ಏನಾಗುತ್ತದೆ? ಮಗ್ಗಿ ಹೇಳಿಕೊಟ್ಟರೆ ದೊಡ್ಡವರಿಗೆ ಬೇಸರ, ಬೀಜಗಣಿತ ತೆಗೆದರೆ ಚಿಕ್ಕವರಿಗೆ ಭಯ. ಕ್ಲಬ್ಬಿನ ಸಾಮಾನ್ಯ ಸಭೆಯ ಪಾಡೂ ಇದೇ. ಐವತ್ತು ಜನ ಕೂತಿರುತ್ತಾರೆ. ಒಬ್ಬರಿಗೆ ಇಮೇಲಿನಲ್ಲಿ ಫೋಟೊ ಲಗತ್ತಿಸುವುದು ಹೇಗೆಂದು ತಿಳಿಯಬೇಕು. ಪಕ್ಕದವರಿಗೆ ಪೈಥಾನ್‌ನಲ್ಲಿ ಬರೆದ ಪ್ರೋಗ್ರಾಂ ಏಕೆ ನಿಧಾನವಾಗಿದೆ ಎಂಬ ಚಿಂತೆ. ಹಿಂದಿನ ಸಾಲಿನವರಿಗೆ ವಂಶವೃಕ್ಷ ಬಿಡಿಸುವ ತಂತ್ರಾಂಶ ಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯಂತೆ ಸಭೆ ಎರಡೂ ಕಡೆಗೆ ಜಗ್ಗುತ್ತದೆ.

ಇನ್ನೂ ಸೂಕ್ಷ್ಮವಾದ ಕಾರಣವೊಂದಿದೆ. ದೊಡ್ಡ ಸಭೆಯಲ್ಲಿ ಕೈ ಎತ್ತಿ ‘ಇದು ನನಗೆ ಗೊತ್ತಿಲ್ಲ’ ಎನ್ನಲು ಧೈರ್ಯ ಬೇಕು. ದಶಕಗಳ ಕಾಲ ಒಂದು ಕೆಲಸದಲ್ಲಿ ಗಟ್ಟಿಗರೆನಿಸಿಕೊಂಡವರಿಗೆ ಫೋಲ್ಡರ್ ಎಂದರೇನು ಎಂದು ನಲವತ್ತು ಜನರ ಮುಂದೆ ಕೇಳುವುದು ಸುಲಭವಲ್ಲ. ಏಳೆಂಟು ಜನ ಒಂದು ಮೇಜಿನ ಸುತ್ತ ಕೂತಾಗ ಅದೇ ಪ್ರಶ್ನೆ ಸಲೀಸಾಗಿ ಬಾಯಿಗೆ ಬರುತ್ತದೆ. ಒಬ್ಬರು ಕೇಳಿದರೆ ಸಾಕು, ‘ನನಗೂ ಅದೇ ಅನುಮಾನ’ ಎಂದು ಇನ್ನಿಬ್ಬರು ದನಿಗೂಡಿಸುತ್ತಾರೆ. ಬಳಗ ಚಿಕ್ಕದಾಗಿರುವುದರ ನಿಜವಾದ ಪ್ರಯೋಜನ ಇದೆಂದು ನನ್ನ ಅನಿಸಿಕೆ. ವಿಷಯವಾರು ವಿಂಗಡಣೆ ಆಮೇಲಿನ ಮಾತು.

## ಈ ಪದ್ಧತಿ ಬಂದ ದಾರಿ

ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಳ್ಳುವ ಕಾಲಕ್ಕೂ ಮೊದಲೇ ಬಳಕೆದಾರರ ಸಂಘಗಳಿದ್ದವು. 1955ರಲ್ಲಿ ಐಬಿಎಂ 704 ಎಂಬ ಬೃಹತ್ ಯಂತ್ರವನ್ನು ಬಳಸುತ್ತಿದ್ದ ಸಂಸ್ಥೆಗಳವರು ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಸೇರಿ ‘ಷೇರ್’ ಎಂಬ ಸಂಘ ಕಟ್ಟಿದರು. ಹಂಚಿಕೊಳ್ಳುವುದು ಎಂಬುದೇ ಆ ಹೆಸರಿನ ಅರ್ಥ. ಆಗ ಯಂತ್ರದ ಜೊತೆಗೆ ಸಿದ್ಧ ಪ್ರೋಗ್ರಾಂಗಳು ಬರುತ್ತಿದ್ದುದು ತೀರ ಕಡಿಮೆ. ಒಂದೇ ಬಗೆಯ ಲೆಕ್ಕಕ್ಕೆ ಒಬ್ಬೊಬ್ಬರೂ ಬೇರೆ ಬೇರೆಯಾಗಿ ಪ್ರೋಗ್ರಾಂ ಬರೆದು ತಿಂಗಳುಗಟ್ಟಲೆ ಶ್ರಮ ಕಳೆಯುವ ಬದಲು ಒಬ್ಬರು ಬರೆದದ್ದು ಎಲ್ಲರಿಗೂ ಸಿಗಲಿ ಎಂಬುದು ಅವರ ಯೋಚನೆ.

ಸಿಗ್ ಎಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಕಂಪ್ಯೂಟರ್ ವಿಜ್ಞಾನಿಗಳು ಮುಖ್ಯರು. 1947ರಲ್ಲಿ ಹುಟ್ಟಿದ ಎಸಿಎಂ ಎಂಬ ವೃತ್ತಿಪರರ ಸಂಘದೊಳಗೆ ಇಂದು ಮೂವತ್ತಕ್ಕೂ ಹೆಚ್ಚು ಸಿಗ್‌ಗಳಿವೆ. ಗ್ರಾಫಿಕ್ಸ್ ಮತ್ತು ಅನಿಮೇಷನ್ ಲೋಕದಲ್ಲಿ ಹೆಸರಾದ ಸಿಗ್ರಾಫ್ ಅವುಗಳಲ್ಲಿ ಒಂದು. 1974ರಲ್ಲಿ ಕೊಲರಾಡೊದ ಬೌಲ್ಡರ್‌ನಲ್ಲಿ ಅದರ ಮೊದಲ ಸಮ್ಮೇಳನ ನಡೆಯಿತು. ಆ ಹೆಸರಿನ ಮೊದಲರ್ಧದಲ್ಲಿ ಅಡಗಿರುವುದು ನಮ್ಮ ಇದೇ ಸಿಗ್.

ಹವ್ಯಾಸಿಗಳ ಕಥೆ ಬೇರೆ ಕಡೆಯಿಂದ ಆರಂಭವಾಗುತ್ತದೆ. 1975ರ ಜನವರಿಯ ಪತ್ರಿಕೆಯೊಂದರ ಮುಖಪುಟದಲ್ಲಿ ಆಲ್ಟೇರ್ 8800 ಕಾಣಿಸಿಕೊಂಡಿತು. ಬಿಡಿಭಾಗಗಳನ್ನು ತರಿಸಿಕೊಂಡು ಮನೆಯಲ್ಲೇ ಬೆಸುಗೆ ಹಾಕಿ ಜೋಡಿಸಬಹುದಾದ ಕಂಪ್ಯೂಟರ್ ಅದು. ಅದಕ್ಕೆ ಕೀಲಿಮಣೆ ಇರಲಿಲ್ಲ, ಪರದೆಯೂ ಇರಲಿಲ್ಲ. ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಆದೇಶ ಕೊಡಬೇಕು, ಸಣ್ಣ ದೀಪಗಳು ಹೊತ್ತಿ ಆರುವುದನ್ನು ನೋಡಿ ಉತ್ತರ ಓದಿಕೊಳ್ಳಬೇಕು. ಒಬ್ಬರೇ ಕೂತು ಇದರೊಂದಿಗೆ ಹೆಣಗುವುದು ಕಷ್ಟವಾಗಿತ್ತು. ಅದೇ ವರ್ಷ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ ಗಾರ್ಡನ್ ಫ್ರೆಂಚ್ ಅವರ ಗ್ಯಾರೇಜಿನಲ್ಲಿ ಹೋಂಬ್ರೂ ಕಂಪ್ಯೂಟರ್ ಕ್ಲಬ್ ಮೊದಲ ಸಲ ಸೇರಿತು. ಬಂದವರಲ್ಲಿ ಆಪಲ್ ಕಂಪನಿ ಕಟ್ಟಿದವರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಕೂಡ ಇದ್ದರು. ಮುಂದೆ ಅವರು ಆಪಲ್ 1 ಕಂಪ್ಯೂಟರನ್ನು ಇದೇ ಕ್ಲಬ್ಬಿನ ಗೆಳೆಯರಿಗೆ ತೋರಿಸಿದರು.

ಹೋಂಬ್ರೂ ಸಭೆಗಳನ್ನು ಲೀ ಫೆಲ್ಸೆನ್‌ಸ್ಟೈನ್ ನಡೆಸಿಕೊಡುತ್ತಿದ್ದ ರೀತಿಯನ್ನು ಇಲ್ಲಿ ಹೇಳಲೇಬೇಕು. ಸಭೆಗೆ ಎರಡು ಭಾಗ. ಮೊದಲ ಭಾಗದಲ್ಲಿ ಜನ ಒಬ್ಬೊಬ್ಬರಾಗಿ ಎದ್ದು ತಮ್ಮಲ್ಲಿ ಏನಿದೆ, ತಮಗೆ ಏನು ಬೇಕು ಎಂದು ಚುಟುಕಾಗಿ ಹೇಳುತ್ತಿದ್ದರು. ಯಾರು ಏನು ಬಲ್ಲರು ಎಂಬ ನಕ್ಷೆ ಎಲ್ಲರ ತಲೆಯಲ್ಲೂ ಮೂಡುತ್ತಿತ್ತು. ಎರಡನೆಯ ಭಾಗದಲ್ಲಿ ಕುರ್ಚಿ ಬಿಟ್ಟೆದ್ದು ತಮಗೆ ಬೇಕಾದವರನ್ನು ಹುಡುಕಿಕೊಂಡು ಹೋಗಿ ಅಲ್ಲಲ್ಲೇ ಗುಂಪುಗೂಡಿ ಮಾತಿಗಿಳಿಯುತ್ತಿದ್ದರು. ಇಂದಿನ ಆಸಕ್ತಿ ಬಳಗಗಳ ಹುರುಳು ಈ ಎರಡನೆಯ ಭಾಗದಲ್ಲೇ ಇದೆ. ಅಲ್ಲಿ ಅರ್ಧ ತಾಸು ಸೇರಿ ಚದುರುತ್ತಿದ್ದ ಗುಂಪುಗಳಿಗೆ ಒಂದು ಹೆಸರು, ಒಂದು ದಿನ, ಒಂದು ಜಾಗ ಗೊತ್ತುಮಾಡಿದರೆ ಅದೇ ಬಳಗ.

ಬಳಗವೊಂದು ಎಷ್ಟು ಬೆಳೆಯಬಹುದೆಂಬುದಕ್ಕೆ ನ್ಯೂಜೆರ್ಸಿಯ ಹವ್ಯಾಸಿಗಳ ಸಂಘ ಒಳ್ಳೆಯ ಸಾಕ್ಷಿ. 1975ರಲ್ಲೇ ಹುಟ್ಟಿದ ಆ ಕ್ಲಬ್ಬಿನೊಳಗೆ ‘ಸಿಗ್/ಎಂ’ ಎಂಬ ಬಳಗವಿತ್ತು. ಆ ಕಾಲದ ಸಿಪಿ/ಎಂ ಎಂಬ, ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಂಗೆ ಹವ್ಯಾಸಿಗಳು ಬರೆದ ಮುಕ್ತ ಪ್ರೋಗ್ರಾಂಗಳನ್ನು ಕಲೆಹಾಕಿ, ಫ್ಲಾಪಿಗಳಲ್ಲಿ ತುಂಬಿ, ಸಂಖ್ಯೆ ಕೊಟ್ಟು ಹಂಚುವುದು ಅದರ ಕೆಲಸ. ಒಬ್ಬರಿಂದ ಒಬ್ಬರಿಗೆ ನಕಲಾಗುತ್ತ ಆ ಫ್ಲಾಪಿಗಳು ಬಹುದೂರ ತಲುಪಿದವು. ಬಾಸ್ಟನ್ ಕಂಪ್ಯೂಟರ್ ಸೊಸೈಟಿಯದು ಇನ್ನೊಂದು ಬೆರಗು. 1977ರಲ್ಲಿ ಅದನ್ನು ಆರಂಭಿಸಿದ ಜೊನಾಥನ್ ರೊಟೆನ್‌ಬರ್ಗ್ ಆಗ ಹದಿಮೂರರ ಹುಡುಗ. ಮುಂದೆ ಅದರ ಸದಸ್ಯರ ಸಂಖ್ಯೆ 30,000 ದಾಟಿತು. ಅಷ್ಟು ದೊಡ್ಡ ಸಂಘ ಉಸಿರಾಡಿದ್ದು ಒಳಗಿನ ಹತ್ತಾರು ಬಳಗಗಳ ಮೂಲಕ. ಐಬಿಎಂ ಪಿಸಿ ಬಳಸುವವರದೊಂದು, ಮ್ಯಾಕಿಂಟೋಷ್ ಬಳಸುವವರದೊಂದು, ಹೀಗೆ. ಇಂಟರ್‌ನೆಟ್ ಮನೆಮನೆಗೆ ಹೊಕ್ಕು ಮಾಹಿತಿ ಸುಲಭವಾಗಿ ಸಿಗತೊಡಗಿದ ಹೊತ್ತಿನಲ್ಲಿ, 1996ರಲ್ಲಿ, ಆ ಸೊಸೈಟಿ ಮುಚ್ಚಿತು.

ಹಾಗಾದರೆ ಇಂತಹ ಬಳಗಗಳ ಕಾಲ ಮುಗಿಯಿತೇ? ಇಲ್ಲ. ಮಾಹಿತಿ ಸಿಗುವುದು ಬೇರೆ, ಅದು ನಮ್ಮ ಯಂತ್ರಕ್ಕೆ ಹೊಂದುತ್ತದೆಯೇ ಎಂದು ತಿಳಿಯುವುದು ಬೇರೆ. ಹುಡುಕಿದರೆ ಒಂದು ಪ್ರಶ್ನೆಗೆ ನೂರು ಉತ್ತರ ಬರುತ್ತವೆ. ಅವುಗಳಲ್ಲಿ ಐದು ವರ್ಷ ಹಳೆಯವೆಷ್ಟು, ನಮ್ಮ ಆವೃತ್ತಿಗೆ ಒಪ್ಪುವವೆಷ್ಟು, ಮೋಸದವೆಷ್ಟು ಎಂದು ಆರಿಸಿಕೊಡಲು ಪಕ್ಕದಲ್ಲೊಬ್ಬರು ಬೇಕು.

## ಯಾವ ಯಾವ ಬಗೆಯ ಬಳಗಗಳಿರುತ್ತವೆ

ಮೊದಮೊದಲು ಬಳಗಗಳು ಯಂತ್ರದ ಹೆಸರಿನಲ್ಲಿ ಹುಟ್ಟಿದವು. ಈಗಲೂ ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್ ಎಂದು ಬೇರೆ ಬೇರೆ ಸೇರುವುದುಂಟು. ಮಾಡುವ ಕೆಲಸದ ಹೆಸರಿನಲ್ಲಿ ಸೇರುವವು ಇನ್ನೊಂದು ಬಗೆ: ಫೋಟೊ ತಿದ್ದುವುದು, ವಿಡಿಯೊ ಜೋಡಿಸುವುದು, ವಂಶಾವಳಿ ಹುಡುಕುವುದು, ಲೆಕ್ಕಪತ್ರದ ಸ್ಪ್ರೆಡ್‌ಶೀಟ್, 3ಡಿ ಮುದ್ರಣ. ಕಲಿಕೆಯ ಮಟ್ಟಕ್ಕೆ ತಕ್ಕಂತೆ ‘ಹೊಸಬರ ಬಳಗ’ ಎಂದು ಪ್ರತ್ಯೇಕವಾಗಿ ನಡೆಸುವ ಕ್ಲಬ್‌ಗಳಿವೆ. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕೃತಕ ಬುದ್ಧಿಮತ್ತೆಯ ಬಳಗಗಳೂ ಹುಟ್ಟಿಕೊಂಡಿವೆ.

ವಂಶಾವಳಿಯ ಬಳಗಕ್ಕೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ಕೆಲವರು ಕೇಳುತ್ತಾರೆ. ಅಜ್ಜ ಮುತ್ತಜ್ಜರ ಹೆಸರು, ಹುಟ್ಟು, ಸಾವು, ಮದುವೆಗಳ ವಿವರವನ್ನು ಒಂದು ತಂತ್ರಾಂಶದಲ್ಲಿ ವರ್ಷಗಟ್ಟಲೆ ತುಂಬಿದ ಮೇಲೆ ಅದನ್ನು ತಯಾರಿಸಿದ ಕಂಪನಿಯೇ ಇಲ್ಲವಾದರೆ? ಅದಕ್ಕಾಗಿಯೇ ಜೆಡ್‌ಕಾಂ ಎಂಬ ಸಾಮಾನ್ಯ ಕಡತ ಮಾದರಿ 1980ರ ದಶಕದಿಂದ ಬಳಕೆಯಲ್ಲಿದೆ. ಒಂದು ತಂತ್ರಾಂಶದಿಂದ ಆ ಮಾದರಿಯಲ್ಲಿ ಹೊರತೆಗೆದರೆ ಇನ್ನೊಂದರೊಳಗೆ ಸೇರಿಸಬಹುದು. ಇಂಥ ಸಂಗತಿ ಯಾವ ಸಾಮಾನ್ಯ ತರಗತಿಯಲ್ಲೂ ಹೇಳಿಕೊಡುವುದಿಲ್ಲ. ಅದೇ ಕೆಲಸದಲ್ಲಿ ಕೈ ಸುಟ್ಟುಕೊಂಡವರ ನಡುವೆ ಕೂತಾಗ ಮೊದಲ ದಿನವೇ ಕಿವಿಗೆ ಬೀಳುತ್ತದೆ.

## ಒಂದು ಮೇಜು, ಒಂದು ಫೋಟೊ

ಫೋಟೊ ಬಳಗದ ಒಂದು ಸಂಜೆಯನ್ನು ಹತ್ತಿರದಿಂದ ನೋಡೋಣ. ಮೇಜಿನ ಸುತ್ತ ಎಂಟು ಜನ, ನಾಲ್ಕು ಲ್ಯಾಪ್‌ಟಾಪ್. ಒಬ್ಬ ಸದಸ್ಯೆ ತಮ್ಮ ತೊಂದರೆ ಹೇಳುತ್ತಾರೆ. ಪ್ರವಾಸದಲ್ಲಿ ತೆಗೆದ ನಾನೂರು ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿದ್ದಾರೆ. ದಿನಾಂಕದ ಪ್ರಕಾರ ಜೋಡಿಸಲು ಹೋದರೆ ಎಲ್ಲವೂ 2014ರ ಜನವರಿಯಲ್ಲಿ ತೆಗೆದಂತೆ ತೋರಿಸುತ್ತಿವೆ. ಅವರು ಹೋಗಿದ್ದು ಹೋದ ವರ್ಷ.

ಸಂಚಾಲಕರು ಉತ್ತರ ಹೇಳುವುದಿಲ್ಲ. ‘ಯಾರಿಗಾದರೂ ಹೀಗೆ ಆಗಿತ್ತೇ?’ ಎಂದು ಕೇಳುತ್ತಾರೆ. ಮೂಲೆಯಲ್ಲಿದ್ದವರು ‘ಕ್ಯಾಮೆರಾ ಬಹಳ ದಿನ ಪೆಟ್ಟಿಗೆಯಲ್ಲೇ ಇತ್ತೇ?’ ಎನ್ನುತ್ತಾರೆ. ಹೌದು, ಇತ್ತು. ಕ್ಯಾಮೆರಾದ ಒಳಗೆ ಗಡಿಯಾರವಿದೆ, ಅದಕ್ಕೂ ವಿದ್ಯುತ್ ಬೇಕು. ಬಳಸದೆ ಇಟ್ಟಾಗ ಅದು ಬರಿದಾಗಿ, ಗಡಿಯಾರ ಕಾರ್ಖಾನೆಯಲ್ಲಿ ಇಟ್ಟ ದಿನಾಂಕಕ್ಕೆ ಹಿಂದಿರುಗಿದೆ. ಫೋಟೊ ತೆಗೆದಾಗಲೆಲ್ಲ ಕ್ಯಾಮೆರಾ ತನ್ನ ಗಡಿಯಾರದ ಸಮಯವನ್ನು ಕಡತದೊಳಗೆ ಬರೆದಿಡುತ್ತದೆ. ಚಿತ್ರದ ಜೊತೆ ಕಣ್ಣಿಗೆ ಕಾಣದೆ ಕೂತಿರುವ ಈ ಟಿಪ್ಪಣಿಗೆ ಎಕ್ಸಿಫ್ ಎಂದು ಹೆಸರು. ಗಡಿಯಾರ ತಪ್ಪಿದರೆ ಟಿಪ್ಪಣಿಯೂ ತಪ್ಪು.

ಸರಿಪಡಿಸುವುದು ಹೇಗೆ? ಒಂದೊಂದಾಗಿ ನಾನೂರಕ್ಕೂ ದಿನಾಂಕ ಹಾಕಬೇಕೇ? ಇನ್ನೊಬ್ಬರು ಕೇಳುತ್ತಾರೆ: ‘ಜೊತೆಗಿದ್ದವರು ಮೊಬೈಲಿನಲ್ಲಿ ಫೋಟೊ ತೆಗೆದಿದ್ದರೇ?’ ಮಗಳು ತೆಗೆದಿದ್ದಾಳೆ. ಎರಡರಲ್ಲೂ ಒಂದೇ ಗಳಿಗೆ ಸೆರೆಯಾದ ಚಿತ್ರಕ್ಕೆ ಎಲ್ಲರೂ ಸೇರಿ ತಡಕಾಡುತ್ತಾರೆ. ಸಿಗುತ್ತದೆ: ಗಾಳಿಗೆ ಹಾರಿದ ಟೋಪಿಯನ್ನು ತಂದೆ ಹಿಡಿಯಲು ಕೈ ಚಾಚಿರುವ ಕ್ಷಣ, ಎರಡು ಕೋನಗಳಿಂದ. ಮೊಬೈಲ್ ತನ್ನ ಸಮಯವನ್ನು ನೆಟ್‌ವರ್ಕ್‌ನಿಂದ ಪಡೆಯುವುದರಿಂದ ಅದನ್ನು ನಂಬಬಹುದು. ಎರಡು ಸಮಯಗಳ ನಡುವಿನ ಅಂತರವೇ ಕ್ಯಾಮೆರಾದ ತಪ್ಪು. ಗಡಿಯಾರ ತಪ್ಪಾಗಿದ್ದರೂ ಒಂದೇ ಸಮನೆ ಓಡಿದೆಯಲ್ಲ, ಹಾಗಾಗಿ ಎಲ್ಲ ಚಿತ್ರಗಳಿಗೂ ಅಂತರ ಅಷ್ಟೇ. ಫೋಟೊ ನಿರ್ವಹಿಸುವ ಹಲವು ತಂತ್ರಾಂಶಗಳಲ್ಲಿ ‘ಸಮಯ ಸರಿಹೊಂದಿಸು’ ಎಂಬ ಸೌಲಭ್ಯವಿದೆ. ನಾನೂರನ್ನೂ ಆರಿಸಿ, ಅಂತರವನ್ನು ಒಮ್ಮೆ ಕೂಡಿಸಿದರೆ ಮುಗಿಯಿತು.

ಸದಸ್ಯೆ ಗುಂಡಿ ಒತ್ತಲು ಹೊರಟಾಗ ಮತ್ತೊಬ್ಬರು ತಡೆಯುತ್ತಾರೆ. ‘ಮೊದಲು ಐದು ಚಿತ್ರಗಳ ಪ್ರತಿ ಮಾಡಿಕೊಂಡು ಅದರ ಮೇಲೆ ಪ್ರಯೋಗಿಸಿ.’ ಹಾಗೇ ಮಾಡುತ್ತಾರೆ. ಸರಿಯಾದ ತಿಂಗಳು, ಸರಿಯಾದ ದಿನ, ಮಧ್ಯಾಹ್ನದ ಸರಿಯಾದ ಹೊತ್ತು ಪರದೆಯ ಮೇಲೆ ಮೂಡುತ್ತದೆ.

ಈ ಪರಿಹಾರ ಅಲ್ಲಿದ್ದ ಯಾರೊಬ್ಬರಿಗೂ ಪೂರ್ತಿಯಾಗಿ ಗೊತ್ತಿರಲಿಲ್ಲ. ಒಬ್ಬರಿಗೆ ಕಾರಣ ಗೊತ್ತಿತ್ತು, ಒಬ್ಬರಿಗೆ ಉಪಾಯ ಹೊಳೆಯಿತು, ಒಬ್ಬರಿಗೆ ಎಚ್ಚರವಿತ್ತು, ಫೋಟೊ ಇದ್ದದ್ದು ಮತ್ತೊಬ್ಬರ ಬಳಿ. ತರಗತಿಗೂ ಬಳಗಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ವಿವರಿಸಲು ನನಗೆ ಬಾರದು. ತರಗತಿಯಲ್ಲಿ ಪಾಠ ಮೊದಲೇ ಸಿದ್ಧವಾಗಿರುತ್ತದೆ. ಬಳಗದಲ್ಲಿ ಯಾರೋ ತಂದ ತೊಂದರೆಯೇ ಅಂದಿನ ಪಾಠ.

## ಹಳೆಯ ಕಂಪ್ಯೂಟರ್ ಹಿಡಿದು ಲಿನಕ್ಸ್ ಬಳಗಕ್ಕೆ ಹೋದರೆ

ಆರಂಭದ ಪ್ರಶ್ನೆಗೆ ಮರಳೋಣ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್ ಅಂಥದ್ದೊಂದು, ಲಿನಕ್ಸ್ ಇನ್ನೊಂದು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸನ್ನು ಯಾರು ಬೇಕಾದರೂ ಪಡೆದು ಬಳಸಬಹುದು, ತಿದ್ದಬಹುದು, ಹಂಚಬಹುದು.

ಬಳಗದವರು ಮೊದಲ ದಿನವೇ ನಿಮ್ಮ ಕಂಪ್ಯೂಟರಿನ ಡಿಸ್ಕ್ ಅಳಿಸುವುದಿಲ್ಲ. ಪೆನ್‌ಡ್ರೈವ್ ಒಂದರಲ್ಲಿ ಲಿನಕ್ಸ್ ತಂದಿರುತ್ತಾರೆ. ಅದರಿಂದಲೇ ಕಂಪ್ಯೂಟರನ್ನು ಚಾಲೂ ಮಾಡಿದರೆ ಡಿಸ್ಕಿನಲ್ಲಿರುವ ಯಾವುದನ್ನೂ ಮುಟ್ಟದೆ ಲಿನಕ್ಸನ್ನು ಓಡಿಸಿ ನೋಡಬಹುದು. ಮನೆ ಬಾಡಿಗೆಗೆ ಹಿಡಿಯುವ ಮೊದಲು ನಲ್ಲಿ ತಿರುಗಿಸಿ, ಕಿಟಕಿ ತೆರೆದು ನೋಡಿದಂತೆ. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಪ್ರಿಂಟರ್ ಮಾತು ಕೇಳುತ್ತದೆಯೇ, ನೀವು ದಿನವೂ ಬಳಸುವ ತಂತ್ರಾಂಶಕ್ಕೆ ಇಲ್ಲಿ ಬದಲಿ ಇದೆಯೇ ಎಂದು ಪರೀಕ್ಷಿಸುತ್ತಾರೆ. ಕೆಲವರ ಪಾಲಿಗೆ ಉತ್ತರ ‘ನಿಮಗೆ ಇದು ಹೊಂದುವುದಿಲ್ಲ’ ಎಂದೇ ಆಗಬಹುದು. ಅದನ್ನು ನೇರವಾಗಿ ಹೇಳುವ ಬಳಗವೇ ನಂಬಿಕೆಗೆ ಅರ್ಹ.

ಹೊಂದುತ್ತದೆ ಎಂದಾದರೆ ಮೊದಲು ಬ್ಯಾಕಪ್. ನಿಮ್ಮ ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದು, ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲಷ್ಟೇ ಮುಂದಿನ ಹೆಜ್ಜೆ. ಹತ್ತಾರು ಜನರಿಗೆ ಒಂದೇ ದಿನ ಹೀಗೆ ಸ್ಥಾಪಿಸಿಕೊಡುವ ಕೂಟಕ್ಕೆ ಇನ್‌ಸ್ಟಾಲ್ ಫೆಸ್ಟ್ ಎಂಬ ಹೆಸರು ಲಿನಕ್ಸ್ ಬಳಗಗಳಲ್ಲಿ ಹಿಂದಿನಿಂದಲೂ ಇದೆ.

ಒಳ್ಳೆಯ ಬಳಗಗಳಲ್ಲಿ ಬರೆಯದ ನಿಯಮವೊಂದಿದೆ: ಸಹಾಯ ಮಾಡುವವರು ಕೀಲಿಮಣೆ ಮುಟ್ಟಬಾರದು. ‘ಕೊಡಿ, ನಾನು ಮಾಡುತ್ತೇನೆ’ ಎಂದು ಲ್ಯಾಪ್‌ಟಾಪ್ ಎಳೆದುಕೊಂಡರೆ ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಕಂಪ್ಯೂಟರಿನ ಒಡೆಯರಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ಹತ್ತು ನಿಮಿಷ ಹಿಡಿದರೂ ಅವರ ಬೆರಳೇ ಒತ್ತಬೇಕು.

## ನಡೆಸುವವರು ಯಾರು, ಕ್ಲಬ್ಬಿನ ಪಾತ್ರವೇನು

ಪ್ರತಿ ಬಳಗಕ್ಕೂ ಒಬ್ಬ ಸಂಚಾಲಕರಿರುತ್ತಾರೆ. ಅವರೇ ಆ ವಿಷಯದ ಮಹಾ ಪರಿಣತರಾಗಬೇಕೆಂದೇನಿಲ್ಲ. ದಿನ ಗೊತ್ತುಮಾಡುವುದು, ಬಾಗಿಲು ತೆರೆಯುವುದು, ಹೊಸಬರು ಬಂದರೆ ಮಾತನಾಡಿಸುವುದು, ಒಬ್ಬರೇ ಮಾತನ್ನೆಲ್ಲ ಕಬಳಿಸದಂತೆ ನೋಡಿಕೊಳ್ಳುವುದು, ಮುಂದಿನ ಸಲಕ್ಕೆ ವಿಷಯ ಹೊಂದಿಸುವುದು ಅವರ ಕೆಲಸ. ತಾಂತ್ರಿಕ ಜ್ಞಾನಕ್ಕಿಂತ ತಪ್ಪದೆ ಬರುವ ಗುಣ ಇಲ್ಲಿ ಹೆಚ್ಚು ಬೆಲೆಯುಳ್ಳದ್ದು. ಎರಡು ಸಲ ಸಂಚಾಲಕರೇ ಬಾರದಿದ್ದರೆ ಮೂರನೆಯ ಸಲ ಉಳಿದವರೂ ಬರುವುದಿಲ್ಲ.

ಜಾಗ, ಉಪಕರಣ, ಬೇಕಿದ್ದರೆ ಅಲ್ಪಸ್ವಲ್ಪ ಹಣ, ಸದಸ್ಯರಿಗೆ ಸುದ್ದಿ ಮುಟ್ಟಿಸುವ ಹೊಣೆ ಕ್ಲಬ್ಬಿನದು. ಬದಲಿಗೆ ಬಳಗವು ಕ್ಲಬ್ಬಿನ ನಿಯಮಗಳಿಗೆ ಒಳಪಟ್ಟಿರುತ್ತದೆ, ಏನು ನಡೆಯಿತೆಂದು ಆಗಾಗ ಸಮಿತಿಗೆ ತಿಳಿಸುತ್ತದೆ. ಹೊಸ ಬಳಗ ಕಟ್ಟಲು ಸಮಿತಿಯ ಒಪ್ಪಿಗೆ, ಕೆಲವು ಆಸಕ್ತರ ಹೆಸರು, ಹೊಣೆ ಹೊರಲು ಒಬ್ಬರು ಇದ್ದರೆ ಸಾಮಾನ್ಯವಾಗಿ ಸಾಕು. ವಿವರಗಳು ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆಯಾಗುತ್ತವೆ.

ಜರ್ಮನಿಯಲ್ಲಿ 1981ರಲ್ಲಿ ಹುಟ್ಟಿದ ಖಾವೋಸ್ ಕಂಪ್ಯೂಟರ್ ಕ್ಲಬ್ಬಿನದು ಬೇರೆಯದೇ ಏರ್ಪಾಡು. ಅಲ್ಲಿ ಬೇರೆ ಬೇರೆ ಊರುಗಳ ಗುಂಪುಗಳಿಗೆ ‘ಅನುಭವ ವಿನಿಮಯದ ವರ್ತುಲ’ ಎಂಬ ಅರ್ಥದ ಹೆಸರಿದೆ. ವಿಂಗಡಣೆ ವಿಷಯದಿಂದಲ್ಲದೆ ಊರಿನಿಂದ ಆಗಿದೆ. ಆದರೂ ಆ ಹೆಸರು ನಮ್ಮ ಬಳಗಗಳ ಕೆಲಸವನ್ನೂ ಹಾಗೇ ಹೇಳಿಬಿಡುತ್ತದೆ.

ಈಗ ವಿಡಿಯೊ ಕರೆಯಲ್ಲಿ ಸೇರುವ ಬಳಗಗಳೂ ಇವೆ. ದೂರದವರು, ಮನೆಯಿಂದ ಹೊರಡಲಾಗದವರು ಸೇರಬಹುದು, ಪರದೆಯನ್ನು ಎಲ್ಲರಿಗೂ ದೊಡ್ಡದಾಗಿ ತೋರಿಸಬಹುದು. ಇಂಟರ್‌ನೆಟ್ಟೇ ಕೈಕೊಟ್ಟವರಿಗೆ, ಕಂಪ್ಯೂಟರೇ ಚಾಲೂ ಆಗದವರಿಗೆ ಮಾತ್ರ ಮೇಜೇ ಗತಿ.

## ನೆನಪಿಡಬೇಕಾದ ಎಚ್ಚರಗಳು

ಬಳಗ ಎಷ್ಟೇ ಆತ್ಮೀಯವಾಗಿದ್ದರೂ ಪಾಸ್‌ವರ್ಡ್ ನಿಮ್ಮದೇ. ಅದನ್ನು ಯಾರಿಗೂ ಹೇಳಬೇಕಾಗಿಲ್ಲ. ಟೈಪ್ ಮಾಡುವಾಗ ಉಳಿದವರು ಮುಖ ತಿರುಗಿಸುವುದು ಸೌಜನ್ಯ. ಬ್ಯಾಂಕ್ ಖಾತೆಗೆ ಲಾಗಿನ್ ಆಗುವ ಕೆಲಸವನ್ನು ಬಳಗದ ಮೇಜಿನ ಮೇಲೆ ಮಾಡದಿರುವುದೇ ಒಳ್ಳೆಯದು. ‘ಕ್ಲಬ್ಬಿನಿಂದ ಮಾತನಾಡುತ್ತಿದ್ದೇವೆ, ನಿಮ್ಮ ಕಂಪ್ಯೂಟರನ್ನು ದೂರದಿಂದ ಸರಿಪಡಿಸುತ್ತೇವೆ’ ಎಂದು ಅನಿರೀಕ್ಷಿತವಾಗಿ ಕರೆ ಬಂದರೆ ಫೋನ್ ಇಟ್ಟು, ನಿಮಗೆ ಪರಿಚಯವಿರುವ ಸದಸ್ಯರಿಗೆ ನೀವೇ ಕರೆ ಮಾಡಿ ಕೇಳಿ.

ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ಕಳ್ಳ ಪ್ರತಿಯನ್ನು ಬಳಗದಲ್ಲಿ ಹಂಚುವಂತಿಲ್ಲ. ಈ ಪ್ರಶ್ನೆ ಕ್ಲಬ್‌ಗಳಷ್ಟೇ ಹಳೆಯದು. 1976ರಲ್ಲಿ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಬರೆದ ಬಹಿರಂಗ ಪತ್ರದ ಸಂಕಟವೂ ಇದೇ ಆಗಿತ್ತು: ತಾವು ಬರೆದ, ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ತಂತ್ರಾಂಶವನ್ನು ಹೆಚ್ಚಿನವರು ಹಣ ಕೊಡದೆ ನಕಲು ಮಾಡಿಕೊಳ್ಳುತ್ತಿದ್ದಾರೆ ಎಂದು. ಮುಕ್ತ ತಂತ್ರಾಂಶವಾದರೆ ಹಂಚಲು ಅಡ್ಡಿಯಿಲ್ಲ.

## ಬಳಗ ಸೊರಗುವುದು ಹೇಗೆ

ಕೆಲವೊಮ್ಮೆ ವಿಷಯವೇ ಹಳತಾಗುತ್ತದೆ. ಸಿಪಿ/ಎಂ ಬಳಕೆ ನಿಂತ ಮೇಲೆ ಅದರ ಪ್ರೋಗ್ರಾಂ ಹಂಚುವ ಬಳಗಕ್ಕೆ ಕೆಲಸ ಉಳಿಯುವುದಿಲ್ಲ. ಇದು ಸಹಜ. ಅಂಥ ಬಳಗವನ್ನು ಗೌರವದಿಂದ ಮುಗಿಸಿ ಹೊಸದಕ್ಕೆ ಜಾಗ ಕೊಡಬಹುದು.

ನೋವಾಗುವುದು ಬೇರೆ ಬಗೆಯ ಸೊರಗುವಿಕೆಯನ್ನು ಕಂಡಾಗ. ನಾಲ್ಕು ವರ್ಷ ಒಟ್ಟಿಗೆ ಕಲಿತವರು ಬಹಳ ಮುಂದೆ ಹೋಗಿರುತ್ತಾರೆ. ಅವರ ಮಾತಿನಲ್ಲಿ ಸಂಕ್ಷಿಪ್ತ ಪದಗಳು ತುಂಬಿಕೊಳ್ಳುತ್ತವೆ, ಹಳೆಯ ತಮಾಷೆಗಳು ಅವರಿಗಷ್ಟೇ ಅರ್ಥವಾಗುತ್ತವೆ. ಹೊಸಬರೊಬ್ಬರು ಬಂದು, ಒಂದು ತಾಸು ಸುಮ್ಮನೆ ಕೂತು, ಎದ್ದು ಹೋಗುತ್ತಾರೆ. ಯಾರೂ ಅವರನ್ನು ಅವಮಾನಿಸಿಲ್ಲ, ಆದರೆ ಮತ್ತೆ ಅವರು ಬರುವುದಿಲ್ಲ. ಹೀಗೆ ಹತ್ತು ಜನ ಎದ್ದು ಹೋದ ಮೇಲೆ, ಹಳಬರಲ್ಲಿ ಇಬ್ಬರು ಊರು ಬಿಟ್ಟರೆ ಬಳಗವೇ ಉಳಿಯುವುದಿಲ್ಲ. ಇದನ್ನು ತಪ್ಪಿಸಲು ಕೆಲವು ಬಳಗಗಳು ಮೊದಲ ಹದಿನೈದು ನಿಮಿಷವನ್ನು ಹೊಸಬರ ಪ್ರಶ್ನೆಗೇ ಮೀಸಲಿಡುತ್ತವೆ. ಬಳಸಿದ ಪ್ರತಿ ತಾಂತ್ರಿಕ ಪದವನ್ನೂ ಆಗಲೇ ಬಿಡಿಸಿ ಹೇಳಬೇಕೆಂಬ ಕಟ್ಟಳೆ ಇಟ್ಟುಕೊಂಡವೂ ಇವೆ.

ಸಂಚಾಲಕರು ದಣಿಯುವುದು ಇನ್ನೊಂದು ಕಾರಣ. ಎಲ್ಲ ಹೊರೆಯನ್ನೂ ಒಬ್ಬರೇ ವರ್ಷಾನುಗಟ್ಟಲೆ ಹೊತ್ತರೆ ಒಂದು ದಿನ ಇಳಿಸಿಬಿಡುತ್ತಾರೆ. ಇಬ್ಬರು ಸಂಚಾಲಕರಿದ್ದು, ವರ್ಷಕ್ಕೋ ಎರಡು ವರ್ಷಕ್ಕೋ ಒಬ್ಬರು ಬದಲಾಗುತ್ತಿದ್ದರೆ ಕೊಂಡಿ ಕಡಿಯುವುದಿಲ್ಲ.

## ಮೊದಲ ಸಲ ಹೋಗುವವರಿಗೆ

ಏನೂ ತಿಳಿಯದವರು ಹೋಗಬಹುದೇ ಎಂಬ ಪ್ರಶ್ನೆಗೆ ಉತ್ತರ: ಖಂಡಿತ ಹೋಗಬಹುದು. ಹಲವು ಕ್ಲಬ್‌ಗಳು ಸದಸ್ಯರಾಗುವ ಮೊದಲೇ ಒಂದೆರಡು ಸಲ ಬಂದು ನೋಡಲು ಬಿಡುತ್ತವೆ. ನಿಮ್ಮ ವಿಷಯ ಯಾವ ಬಳಗಕ್ಕೆ ಸೇರುತ್ತದೆಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಗೊತ್ತಾಗದಿದ್ದರೆ ಹೊಸಬರ ಬಳಗದಿಂದ ಆರಂಭಿಸಿ.

ತೊಂದರೆಯನ್ನು ಬರೆದುಕೊಂಡು ಹೋಗುವುದು ಬಹಳ ಉಪಕಾರಿ. ‘ಕಂಪ್ಯೂಟರ್ ಕೆಟ್ಟಿದೆ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ನಿನ್ನೆ ಬೆಳಗ್ಗೆಯಿಂದ ಪ್ರಿಂಟ್ ಕೊಟ್ಟರೆ ಈ ಸಂದೇಶ ಬರುತ್ತಿದೆ, ಮೊನ್ನೆಯವರೆಗೆ ಸರಿಯಿತ್ತು, ನಡುವೆ ಒಂದು ಅಪ್‌ಡೇಟ್ ಆಯಿತು’ ಎಂದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿದಂತೆ. ಸಂದೇಶವನ್ನು ನೆನಪಿನಿಂದ ಹೇಳುವ ಬದಲು ಮೊಬೈಲಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಸಾಧ್ಯವಾದರೆ ಲ್ಯಾಪ್‌ಟಾಪನ್ನೇ ಒಯ್ಯಿರಿ, ಅದರ ಚಾರ್ಜರನ್ನೂ, ಖಾಲಿ ಪೆನ್‌ಡ್ರೈವ್ ಒಂದನ್ನೂ ಚೀಲಕ್ಕೆ ಹಾಕಿಕೊಳ್ಳಿ. ಬಾಗಿಲ ಬಳಿ ಕೂರದೆ ಮೇಜಿಗೆ ಹತ್ತಿರದ ಕುರ್ಚಿ ಹಿಡಿಯಿರಿ, ಪರದೆ ಅಲ್ಲಿಂದ ಚೆನ್ನಾಗಿ ಕಾಣುತ್ತದೆ.